ದರಕಿನ ಬುಟ್ಟಿ ಮತ್ತು ಜರ್ಮನ್ ಪಾಠ

ಜರ್ಮನ್ ಭಾಷೆಯ ಮೇಲೆ ನನಗೆ ಇವತ್ತಿಗೂ ಪ್ರೀತಿ ಇಲ್ಲ. ಕಲಿತೆ, ಪಾಸಾದೆ, ಬಿಟ್ಟೆ. ಹೊಸ ಭಾಷೆ ಕಲಿತರೆ ಹೊಸ ಲೋಕ ತೆರೆಯುತ್ತದೆ ಎಂದು ಓದಿದವರು ಬರೆಯುತ್ತಾರೆ. ನನಗೆ ಅದು ತೆರೆದು ತೋರಿಸಿದ್ದು ಒಡೆಯರ ಮನೆಯ ಹಿಂದಿನ ಗೊಬ್ಬರದ ಗುಂಡಿಯನ್ನು.

ಅರವತ್ತರ ದಶಕದ ನಡುವಿನ ಮಾತು. ಅರಳಸುರಳಿ ಕಡೆಯ, ಒಡೆಯರ ಗದ್ದೆ ಮಾಡುವ ಗೇಣಿ ಒಕ್ಕಲಿನ ಮನೆ ನಮ್ಮದು. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆದುಕೊಂಡವನು ನಾನೇ ಮೊದಲು. ನನಗಿಂತ ಹಿಂದಿನವರಿಗೆ ಹೆಸರು ಬರೆಯಲಿಕ್ಕೂ ಬರುತ್ತಿರಲಿಲ್ಲ. ಮುಂದೆ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೇರಿದೆ. ಕೆಮಿಸ್ಟ್ರಿಯ ಸಂಶೋಧನೆ ಬಹಳಷ್ಟು ಜರ್ಮನ್ನಿನಲ್ಲಿದೆ ಎಂದು ಅಲ್ಲಿ ಆ ಭಾಷೆಯ ಒಂದು ಪೇಪರನ್ನೂ ಪಾಸು ಮಾಡಬೇಕಿತ್ತು. ನಾನು ಫೇಲಾದೆ. ಜೂನಿನಲ್ಲಿ ಇನ್ನೊಂದು ಸಲ ಕೂರಬಹುದು, ಅದರಲ್ಲೂ ಹೋದರೆ ಸೀಟು ಹೋಯಿತು ಎಂದು ಆಫೀಸಿನವರು ಹೇಳಿ ಕಳಿಸಿದರು.

ನಾನು ಮುಗ್ಗರಿಸಿದ್ದು ನಾಮಪದಗಳಲ್ಲಿ. ಕನ್ನಡದಲ್ಲಿ ಗಂಡಸು ಗಂಡು, ಹೆಂಗಸು ಹೆಣ್ಣು, ಉಳಿದದ್ದೆಲ್ಲ ಅದು. ನೋಡಿದರೆ ಗೊತ್ತಾಗುತ್ತದೆ. ಜರ್ಮನ್ನಿನಲ್ಲಿ ಮೇಜು ಗಂಡು, ದೀಪ ಹೆಣ್ಣು, ನೀರು ನಪುಂಸಕ. ಚಮಚ ಗಂಡು, ಚಾಕು ನಪುಂಸಕ. ಪ್ರತಿಯೊಂದಕ್ಕೂ, ಗಂಡಿಗೆ ಡೇರ್, ಹೆಣ್ಣಿಗೆ ಡೀ, ನಪುಂಸಕಕ್ಕೆ ಡಾಸ್ ಎಂದು, ಮುಂದುಗಡೆ ಒಂದೊಂದು ಬಾಲ ಕಟ್ಟಬೇಕು. ತಪ್ಪು ಬಾಲ ಕಟ್ಟಿದರೆ ಇಡೀ ವಾಕ್ಯ ಕೆಡುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕು ಹುಡುಕಿದರೂ ಜರ್ಮನ್ ಬಲ್ಲವರು ಒಬ್ಬರೇ ಇದ್ದರು. ನಮ್ಮ ಒಡೆಯರ ಅಣ್ಣ. ಯುದ್ಧಕ್ಕೆ ಮುಂಚೆ ಜರ್ಮನಿಗೆ ಹೋಗಿ ಓದಿ ಬಂದವರು. ಊರಿನವರು ಜರ್ಮನಿ ಒಡೆಯರು ಅನ್ನುತ್ತಿದ್ದರು. ಅಪ್ಪ ಹೋಗಿ ಕೇಳಿದ. ಬರಲಿ ಅಂದರಂತೆ. ಅಷ್ಟು ಮಾತ್ರ ಅಪ್ಪ ನನಗೆ ಹೇಳಿದ್ದು.

ಏಪ್ರಿಲ್ಲಿನಲ್ಲಿ ಪಾಠ ಶುರುವಾಯಿತು. ಅವರು ಜಗಲಿಯ ಮೇಲೆ ಕುರ್ಚಿಯಲ್ಲಿ, ನಾನು ಕೆಳಗೆ ಅಂಗಳದಲ್ಲಿ. ಒಕ್ಕಲುಗಳು ಆ ಜಗಲಿ ಹತ್ತುತ್ತಿರಲಿಲ್ಲ. ಪುಸ್ತಕ ಅವರ ತೊಡೆಯ ಮೇಲಿರುತ್ತಿತ್ತು. ಅವರು ಓದುವುದು, ನಾನು ನಿಂತುಕೊಂಡೇ ಬರೆದುಕೊಳ್ಳುವುದು. ಸ್ಪೆಲ್ಲಿಂಗ್ ಕೇಳಿದರೆ ಒಂದೊಂದೇ ಅಕ್ಷರ ಹೇಳುತ್ತಿದ್ದರು, ಪುಸ್ತಕ ಮಾತ್ರ ಕೆಳಗೆ ಬರಲಿಲ್ಲ.

"ಚಮಚ ಯಾಕೆ ಗಂಡು?" ಎಂದು ಒಂದು ದಿನ ಕೇಳಿದೆ.

"ಯಾಕೆ ಅಂತ ಕೇಳೋ ಹಂಗಿಲ್ಲ. ಹುಟ್ಟಿದಾಗ್ಲಿಂದ ಅದು ಹಂಗೇ. ನೀ ಬಾಯಿಪಾಠ ಮಾಡು."

ಈ ಉತ್ತರವನ್ನು ನಾನು ಆ ಅಂಗಳದಲ್ಲಿ ಬೇರೆ ಪ್ರಶ್ನೆಗಳಿಗೂ ಕೇಳಿದ್ದೆ.

ಹುಡುಗಿ ಎನ್ನುವುದಕ್ಕೆ ಡಾಸ್ ಹಚ್ಚಿದಾಗ ನನಗೆ ತಡೆಯಲಿಲ್ಲ. "ಹುಡುಗಿ ನಪುಂಸಕ ಆಗ್ತದಾ?"

ಅವರು ನಕ್ಕರು. "ಎಂತ ಆಶ್ಚರ್ಯ ಮಾರಾಯ? ನಿನ್ನ ಅವ್ವ ಗದ್ದೆಗೆ ಬಂದ್ರೆ ಅದು ಬಂತು ಅಂತೀವಪ್ಪ. ಹಂಗೇ ಇದೂ."

ಡಾಸ್ ಎಂದು ಬರೆದೆ. ಪರೀಕ್ಷೆ ನನ್ನದು.

ಎರಡು ವಾರ ಹೀಗೆ ನಡೆಯಿತು. ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ನಿಂತು ಒಪ್ಪಿಸುತ್ತಿದ್ದೇನೆ, ಪಕ್ಕದಲ್ಲೇ ಒಬ್ಬ ಆಳು ದರಕಿನ ಬುಟ್ಟಿ ಹೊತ್ತು ಹಿತ್ತಲಿಗೆ ಹೋದ. ದರಕು ಅಂದರೆ ಕಾಡಿನಲ್ಲಿ ಗುಡಿಸಿ ತರುವ ಒಣಗಿದೆಲೆ, ಕೊಟ್ಟಿಗೆಗೆ ಹಾಸಿ ಆಮೇಲೆ ಗೊಬ್ಬರ ಮಾಡುವುದು. ಬುಟ್ಟಿ ಎಷ್ಟು ದೊಡ್ಡದೆಂದರೆ ಹೊತ್ತವನ ಮುಖ ಕಾಣುವುದಿಲ್ಲ. ಆದರೆ ಕಾಲು ಕಂಡಿತು. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಅಪ್ಪ.

ನನ್ನ ಬಾಯಿ ನಿಂತಿತು. ಜರ್ಮನಿ ಒಡೆಯರು ನೋಡಿದರು.

"ಹೇಳಿಲ್ವ ನಿನ್ನ ಅಪ್ಪ? ಮತ್ತೆ ಪಾಠ ಪುಕ್ಕಟೆ ಅಂದ್ಕೊಂಡ್ಯ? ನಿಂಗೆ ಒಂದು ಪಾಠ, ಅವ್ನದು ಒಂದು ಬೆಳಗು ಬಿಟ್ಟಿ ಕೆಲ್ಸ. ಅವ್ನೇ ಒಪ್ಪಿದ್ದು. ಹೂಂ, ಮುಂದೆ ಹೇಳು."

ಮುಂದೆ ಹೇಳಿದೆ. ಆ ನಾಚಿಕೆ ಇನ್ನೂ ಇದೆ.

ಮನೆಗೆ ಬಂದು ಅಪ್ಪನ ಮೇಲೆ ಕೂಗಾಡಿದೆ. ಬಿಟ್ಟಿ ಮಾಡಿ ಕಲಿಸಬೇಕಾಗಿಲ್ಲ, ನಾಳೆಯಿಂದ ನಾನು ಹೋಗುವುದಿಲ್ಲ ಎಂದೆ. ಅಪ್ಪ ಬೀಡಿ ಹಚ್ಚಿಕೊಂಡು ಹೇಳಿದ, "ಹೊರೆ ಹೊರೋದು ನಂಗೆ ಹೊಸತಲ್ಲ. ಪಾಸಾಗೋದು ನಿಂಗೆ ಹೊಸತು. ಅದನ್ನ ಮಾಡು ನೀನು."

"ಹಂಗಾದ್ರೆ ಹೊರೆ ನಾನೇ ಹೊರ್ತೀನಿ."

"ತಲೆ ಕೆಟ್ಟಿದ್ಯ? ಓದಿದೋನು ನೀನು."

ಮರುದಿನ ಕಾಲೇಜಿಗೆ ಹಾಕುತ್ತಿದ್ದ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾಡಿಗೆ ಹೋದೆ. ಅಪ್ಪನ ಕೈಯಿಂದ ಬುಟ್ಟಿ ಕಿತ್ತುಕೊಂಡೆ. ಒಡೆಯರ ಮನೆಗೆ ಹಿತ್ತಲ ದಾರಿ ಇತ್ತು. ನಾನು ಬಸ್ಸಿನ ರಸ್ತೆಯಲ್ಲೇ ಬಂದೆ. ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಜನ ಎದ್ದು ನೋಡಿದರು.

"ಓಹೋ, ಬಿ.ಎಸ್ಸಿ. ಮಾಡ್ಕೊಂಡು ಬಂದು ಇದಾ ಕೆಲ್ಸ?" ಎಂದ ಒಬ್ಬ.

"ಒಡೇರು ಕೊಟ್ಟ ಕೆಲ್ಸ ಕಣೋ," ಎಂದೆ ಗಟ್ಟಿಯಾಗಿ. "ಪಾಠದ ಲೆಕ್ಕಕ್ಕೆ."

ಜನ ನಗಲಿಲ್ಲ. ಒಬ್ಬ ಮುದುಕ ಥೂ ಎಂದು ರಸ್ತೆಗೆ ಉಗಿದ. ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು.

ಮೂರನೆಯ ಬುಟ್ಟಿ ತರುವ ಹೊತ್ತಿಗೆ ಸುದ್ದಿ ಜಗಲಿಗೆ ಮುಟ್ಟಿತ್ತು. ಜರ್ಮನಿ ಒಡೆಯರು ಅಂಗಳಕ್ಕೆ ಇಳಿದು ಬಂದರು. ನನಗೋಸ್ಕರ ಅವರು ಕೆಳಗಿಳಿದದ್ದು ಅದೊಂದೇ ಸಲ.

"ಇಳಿಸೋ ಬುಟ್ಟೀನ! ಮನೆ ಮರ್ಯಾದೆ ತೆಗೀಬೇಕು ಅಂತ ಹೊರಟಿದೀಯ?"

"ಪಾಠಕ್ಕೆ ಬಿಟ್ಟಿ ಅಂದವರು ನೀವು. ಪಾಠ ನಂದು, ಬಿಟ್ಟೀನೂ ನಂದು. ಕೇಳಿ, ಒಪ್ಪಿಸ್ತೀನಿ. ಬುಟ್ಟಿ, ಡೇರ್ ಕೋರ್ಬ್. ಹೊರೆ, ಡೀ ಲಾಸ್ಟ್. ಎಲೆ, ಡಾಸ್ ಬ್ಲಾಟ್."

ಅವರ ಮುಖ ಕೆಂಪಾಗಿತ್ತು. ಆದರೂ ಮೇಷ್ಟ್ರ ಚಾಳಿ ಬಿಡಲಿಲ್ಲ. "ಒಂದೇ ಎಲೆ ಹೊತ್ಕೊಂಡು ಬಂದ್ಯಾ ಕತ್ತೆ? ಬಹುವಚನ ಹೇಳು. ಡೀ ಬ್ಲೆಟ್ಟರ್."

"ಡೀ ಬ್ಲೆಟ್ಟರ್," ಎಂದು ಬುಟ್ಟಿಯನ್ನು ಅಲ್ಲೇ, ಸಾರಿಸಿದ ಅಂಗಳದ ನಡುವೆ, ಕುರ್ಚಿಯ ಎದುರಿಗೆ ಮಗುಚಿದೆ.

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ," ಎಂದರು.

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ನೋಟ್‌ಬುಕ್ಕಿನಲ್ಲಿ ಇದ್ದಷ್ಟೇ ಪದ, ಬಾರದ್ದು ಬಹಳ. ನಾನು ಕೆಡಿಸಿಕೊಂಡೆನೇನೋ ಎಂಬ ಹೆದರಿಕೆ ನನಗಿತ್ತು, ಅದನ್ನು ಯಾರಿಗೂ ತೋರಿಸಲಿಲ್ಲ. ಇದ್ದ ಪದಗಳನ್ನೇ ಸಿಟ್ಟಿನಲ್ಲಿ ಅರೆದೆ. ಗದ್ದೆಯ ಬದುವಿನ ಮೇಲೆ, ಎಮ್ಮೆ ಮೈ ತೊಳೆಯುವಾಗ, ಬೈಗುಳ ಹೇಳಿದ ಹಾಗೆ ಡೇರ್, ಡೀ, ಡಾಸ್. ಪ್ರೀತಿಯಿಂದ ಕಲಿತದ್ದು ಮರೆತಿದ್ದೇನೆ. ಇದು ಮರೆತಿಲ್ಲ.

ಜೂನಿನಲ್ಲಿ ಬರೆದೆ. ಪಾಸಿಗೆ ಬೇಕಾದ್ದಕ್ಕಿಂತ ಎರಡು ಅಂಕ ಹೆಚ್ಚು ಬಂತು. ಸೀಟು ಉಳಿಯಿತು.

ಪಾಸಾದ ಕಾಗದ ಬಂದ ದಿನ ನಾನು ಊರಲ್ಲೇ ಇದ್ದೆ. ಒಕ್ಕಲಿನ ಮನೆಯಲ್ಲಿ ಒಳ್ಳೆಯದೇನೇ ಆದರೂ ಮೊದಲು ಒಡೆಯರಿಗೆ ತಿಳಿಸಬೇಕು. ನಾನು ಬೇಡ ಅಂದರೂ ಅಪ್ಪ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಹೋದ. ಮಧ್ಯಾಹ್ನ ಬಂದವನು ನಮ್ಮ ಅಂಗಳದಲ್ಲೇ ನಿಂತು ಕರೆದ.

"ಸೂರ್ಯ ಗಂಡೋ ಹೆಣ್ಣೋ, ನಿನ್ನ ಮಗನ ಹತ್ರ ಕೇಳ್ಕೊಂಡು ಬಾ ಅಂದ್ರು ಜರ್ಮನಿ ಒಡೇರು. ಸರಿ ಹೇಳಿದ್ರೆ ಪಾಸಾಗಿದ್ದು ಖರೆ ಅಂತ ನಂಬ್ತಾರಂತೆ."

"ಹೆಣ್ಣು," ಎಂದೆ.

ಅಪ್ಪ ತಿರುಗಿ ಹೊರಟ.

"ಅಪ್ಪಾ, ನಿಲ್ಲು. ಅದು ನಿಂಗೆ ಹೇಳಿದ್ದು. ಅಲ್ಲಿಗೆ ಹೋಗಿ ಹೇಳೋಕಲ್ಲ."

"ಕಾಯ್ತಾ ಕೂತಿರ್ತಾರೆ ಕಣೋ."

"ಕೂತಿರ್ಲಿ."

ಅಪ್ಪ ರಸ್ತೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ಆಮೇಲೆ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಗೂಟಕ್ಕೆ ಹಾಕಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ.