ಒಂಬತ್ತು ಟನ್ನಿನ ಇಂಜಿನ್

ಆಳಂದದ ಸಾಹುಕಾರರೊಬ್ಬರ ಲಾರಿ ಜೇವರ್ಗಿ ಕಡೆಯಿಂದ ಹಾಸುಗಲ್ಲು ತರುತ್ತಿತ್ತು. ಅದರ ಇಂಜಿನ್ ಪೂರ್ತಿ ಕೆಟ್ಟಿದ್ದರಿಂದ, ಹೊಸ ಡೀಸೆಲ್ ಇಂಜಿನ್ ಯಾವುದನ್ನು ಕೂಡಿಸಬೇಕೆಂದು ಬರೆದುಕೊಡಲು ಇಂಜಿನ್ ಮಾರುವ ನಮ್ಮ ಕಂಪನಿ ನನ್ನನ್ನು ಕಳಿಸಿತ್ತು. ಎಲ್ಲಿ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಭಾರ ಎಷ್ಟು ಹೇರುತ್ತೀರಿ?

“ಒಂಬತ್ತು ಟನ್ ರೀ ಸಾಹೇಬ್ರ, ಪರ್ಮಿಟ್‌ನ್ಯಾಗ ಇದ್ದಷ್ಟ,” ಎಂದರು ಸಾಹುಕಾರರು. ಇಸ್ತ್ರಿ ಪ್ಯಾಂಟು ಹಾಕಿ ಕೈಯಲ್ಲಿ ಕಾಗದ ಹಿಡಿದು ಬಂದವನಿಗೆ ಆ ಸೀಮೆಯಲ್ಲಿ ಎಲ್ಲರೂ ಪರ್ಮಿಟ್ಟಿನ ಭಾರವನ್ನೇ ಹೇಳುತ್ತಿದ್ದರು.

ಹೊರಗೆ ಬಂದಾಗ ಡ್ರೈವರ್ ಮೆಹಬೂಬ್ ಹಿಂದೆಯೇ ಬಂದ. “ದೊಡ್ಡ ಇಂಜಿನ್ ಬರೀರಿ ಸಾಹೇಬ್ರ. ಖರೇ ಅಂದ್ರ ಹದಿನಾಲ್ಕು ಟನ್ ಹೇರ್ತಾರ. ಹಳ್ಳದ ಏರಿನ್ಯಾಗ ಸಣ್ಣದು ಜಗ್ಗಂಗಿಲ್ಲ.”

“ಹೆಚ್ಚು ಹೇರಿದರೆ ನೀನು ಓಡಿಸಬೇಡ.”

“ನಾ ಒಲ್ಲೆ ಅಂದ್ರ ನಾಳಿಗಿ ಇನ್ನೊಬ್ಬ ಬಂದು ಕುಂಡರ್ತಾನ್ರಿ.”

“ಕಾನೂನು ಮುರಿಯುವುದಕ್ಕೆ ನಾನು ಇಂಜಿನ್ ಆರಿಸಿ ಕೊಡುವುದಿಲ್ಲ,” ಎಂದು ಒಂಬತ್ತು ಟನ್ನಿಗೆ ತಕ್ಕದ್ದನ್ನೇ ಬರೆದೆ.

ಎರಡು ತಿಂಗಳಿಗೆ ಲಾರಿ ಅದೇ ಏರಿನಲ್ಲಿ ಎಳೆಯಲಾರದೆ ನಿಂತಿತು. ಬ್ರೇಕ್ ಹಿಡಿಯದೆ ಹಿಂದಕ್ಕೆ ಜಾರಿ ಮಗುಚಿತು. ನಾನು ಆಸ್ಪತ್ರೆಗೆ ಹೋದಾಗ ಮೆಹಬೂಬನಿಗೆ ಬಲಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ನಾನು ಬಾಗಿಲಲ್ಲೇ ನಿಂತೆ. ಅವನೇ ಸ್ಟೂಲು ತೋರಿಸಿದ.

“ಕುಂಡರ್ರಿ ಸಾಹೇಬ್ರ. ನಿಮ್ಮ ಮಾತು ಕೇಳೇನಿ ನೋಡ್ರಿ, ಓಡಸೂದು ಬಿಟ್ಟೇನಿ.”

ಆಮೇಲೆ ವಿಮೆಯವರು ಬಂದು ನನ್ನ ಕಾಗದ ತರಿಸಿ ನೋಡಿದರು. ಒಂದು ಅಂಕಿಯೂ ತಪ್ಪಿಲ್ಲವೆಂದು ಹೊಗಳಿ ಹೋದರು.