ಹೋಗಿ ಬಂದ್ಯೇನವಾ?

ಮೆಟ್ರಿ ಊರಿನ ನಮ್ಮ ಭತ್ತದ ಗದ್ದೆಯಲ್ಲಿ ಅವತ್ತು ಕಳೆ ಕೀಳುವ ಹೆಣ್ಣುಮಕ್ಕಳಿದ್ದರು. ಬದುವಿನ ಮೇಲೆ ಅಪ್ಪ, ಬುತ್ತಿ ತಂದ ನಾನು. ಆ ಗುಂಪಿನ ಹಿರಿಯಾಕೆ ಬಿಸಿಲು ಏರಿದಂತೆ ಒಬ್ಬೊಬ್ಬರ ಕುತ್ತಿಗೆಗೂ ಕೈ ಹಚ್ಚಿ ಕಾವು ನೋಡುತ್ತಿದ್ದಳು. ನೀರು ಕುಡಿದಿರಾ ಅಂತ ಯಾರನ್ನೂ ಕೇಳುತ್ತಿರಲಿಲ್ಲ. "ಹೋಗಿ ಬಂದ್ಯೇನವಾ?" ಅನ್ನುತ್ತಿದ್ದಳು, ಅಷ್ಟೇ.

"ಎಲ್ಲಿಗೆ?" ಅಂತ ನಾನು ಕೇಳಿದ್ದಕ್ಕೆ ಗದ್ದೆಯೆಲ್ಲ ನಕ್ಕಿತು.

"ಒಂದಕ್ಕವಾ," ಅಂದಳು. "ಮುಂಜಾನಿಂದ ಹೋಗಿಲ್ಲಂದ್ರ ಮೈಯಾಗ ನೀರಿಲ್ಲ ಅಂತ ತಿಳಕೋ."

ಗಾದಿಗನೂರಿನಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯ ಕತ್ತು ಮುಟ್ಟಿದಾಗ ಮಾತ್ರ ಹಿರಿಯಾಕೆಯ ನಗು ನಿಂತಿತು. ಹುಡುಗಿ ಏಳಲು ಹೋಗಿ ತೂರಾಡಿದಳು. ಎಲ್ಲರೂ ಅವಳನ್ನು ಬದುವಿನ ಪಕ್ಕ ನಿಂತಿದ್ದ ಟ್ರ್ಯಾಕ್ಟರಿನ ನೆರಳಿಗೆ ಎತ್ತಿ ತಂದು, ತಲೆ ಮೇಲೆ ನೀರು ಸುರಿದು, ಸೆರಗಿನಿಂದ ಗಾಳಿ ಬೀಸಿದರು. ಚೇತರಿಸಿಕೊಂಡ ಮೇಲೆ ಉಪ್ಪಿನ ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸಿದರು.

"ನೀರು ಯಾಕ ಕುಡೀಲಿಲ್ಲಲೇ?" ಹಿರಿಯಾಕೆ ಮೆಲ್ಲಗೆ ಕೇಳಿದಳು.

"ಕುಡದ್ರ ಹೋಗಬೇಕಾಗ್ತತಿ, ಅತ್ತಿ. ಎಲ್ಲಿ ಹೋಗ್ಲಿ? ಮರೀಗೆ ಒಂದು ಗಿಡ ಇಲ್ಲ, ಸುತ್ತಲಿನ ಗದ್ದಿಯಾಗೆಲ್ಲ ಗಂಡಸ್ರು."

ಹಿರಿಯಾಕೆ ಬಯಲನ್ನೊಮ್ಮೆ ನೋಡಿದಳು.

ಮರುದಿನ ಹುಡುಗಿಗೆ ಮನೆಯಲ್ಲೇ ಇರಲು ಹೇಳಿ, ಹಿರಿಯಾಕೆ ನಾಲ್ಕು ಕೋಲು, ಒಂದು ಹಳೇ ಸೀರೆ ಹೊತ್ತು ಬಂದಳು. ಬಾಕಿಯವರು ಗದ್ದೆಗೆ ಇಳಿಯುವ ಮೊದಲೇ ಮೂಲೆಯಲ್ಲಿ ಮರೆ ಕಟ್ಟಿದಳು.

"ಏನಕ್ಕಾ, ಗುಡಿ ಕಟ್ಟೀಯೇನು?" ಅಂದರು ಅಪ್ಪ.

"ಹೂನ್ರಿ ಅಣ್ಣಾರ. ಗಂಡಸ್ರಿಗೆ ಒಳಗ ಬಿಡಂಗಿಲ್ಲ."

ಅವತ್ತು ಮಧ್ಯಾಹ್ನದೊಳಗೆ ಕುಡಿಯುವ ನೀರಿನ ಕೊಡಗಳೆಲ್ಲ ಬರಿದಾದವು. ಇನ್ನೆರಡು ತುಂಬಿಸಿಕೊಂಡು ಬರಲು ಅಪ್ಪನೇ ಬೈಕು ಹತ್ತಿದರು.