ಬೀರು ಹೊದ್ದ ಕೌದಿಗಳು

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮಜ್ಜಿ ಜೀವಮಾನವೆಲ್ಲ ಹಳೆಯ ಸೀರೆಗಳಿಂದ ಕೌದಿ ಹೊಲಿದು, ಊರಿನ ಬಡ ಮಕ್ಕಳಿಗೆ ಹೊದಿಸಿದವಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಹಾಗೆಯೇ ಹೊಲಿದು, ದೀಪಾವಳಿಗೆ ಹರಪನಹಳ್ಳಿಯ ಅನಾಥ ಮಕ್ಕಳ ಹಾಸ್ಟೆಲಿಗೆ ಕೊಟ್ಟಿದ್ದೆವು.

ಇನ್ನೆರಡು ಕೊಡೋಣವೆಂದು ಇಂದು ಕೊಟ್ಟೂರಿನಿಂದ ಮೊದಲ ಬಸ್ಸಿಗೆ ಹೋದರೆ, ಮಕ್ಕಳು ಬರಿಯ ಗೋಣಿಚೀಲದ ಮೇಲೆ ಮುದುಡಿ ಮಲಗಿದ್ದರು. ನಮ್ಮ ಕೌದಿಗಳೆಲ್ಲ ವಾರ್ಡನ್ ಕೋಣೆಯ ಮರದ ಬೀರುವಿನಲ್ಲಿ, ಬೀಗದೊಳಗೆ; ಬಾಗಿಲ ಸಂದಿಯಲ್ಲಿ ಅವುಗಳ ಅಂಚು ಕಾಣುತ್ತಿತ್ತು, ಒಳಗೆ ಇಲಿಗಳ ಪರಪರ ಸದ್ದು.

"ಹುಡುಗ್ರು ಹೊಲಸು ಮಾಡ್ತಾವ್ರಿ. ಸಾಹೇಬ್ರು ಬಂದಾಗ ಹಾಸಿ ತೋರ್ಸಾಕ ಇರ್ಲಿ ಅಂತ ಇಟ್ಟೀನಿ" ಎಂದ ವಾರ್ಡನ್.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು: "ಸರ, ಚಳಿ ಹುಡುಗ್ರಿಗೈತೇನ್ರಿ, ನಿಮ್ಮ ಬೀರುಗೈತೇನ್ರಿ?"

"ಕೀಲಿ ಸಿಗವಲ್ದು, ನಾಳಿ ಬರ್ರಿ" ಎಂದ. ಕೀಲಿಗೊಂಚಲು ಅವನ ಸೊಂಟದಲ್ಲೇ ನೇತಾಡುತ್ತಿತ್ತು.

ತಂದಿದ್ದ ಎರಡನ್ನು ಅವ್ವ ಅವನ ಕೈಗೆ ಕೊಡದೆ, ತಾನೇ ಮಕ್ಕಳಿಗೆ ಹೊದಿಸಿ ಬಂದಳು. ಉಳಿದವರು ಇಂದೂ ಗೋಣಿಚೀಲದ ಮೇಲೆಯೇ. ಬೀರುವಿನೊಳಗಿನ ಇಲಿಗಳಿಗೆ ಮಾತ್ರ, ಅಜ್ಜಿಯ ಪುಣ್ಯದಿಂದ, ಹೊದಿಕೆಯೂ ಇದೆ, ರೊಟ್ಟಿಯೂ ಇದೆ.